ಅಮ್ಮನ ಕತ್ತಿನ ಅಳತೆ

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಅಪ್ಪನಿಗೆ ಒಂದು ಕೋಣೆ ಇತ್ತು. ಅಜ್ಜಿಗೆ ನಡುಮನೆಯ ಕಿಟಕಿ ಪಕ್ಕದಲ್ಲಿ ಮಂಚ ಇತ್ತು. ನನಗೆ ಅಟ್ಟದ ಏಣಿ ಕೆಳಗೆ ಪುಸ್ತಕ ಇಟ್ಟುಕೊಳ್ಳುವಷ್ಟು ಜಾಗ ಇತ್ತು. ಅಮ್ಮನದು ಅಂತ ಇದ್ದದ್ದು ಅಡುಗೆಮನೆ, ಅದೂ ಅಜ್ಜಿ ಸ್ನಾನ ಮುಗಿಸಿ ಬಂದು ಒಲೆ ಮುಂದೆ ಕೂರುವ ತನಕ ಮಾತ್ರ. ಆಗ ಇದೆಲ್ಲ ನನ್ನ ತಲೆಗೆ ಹೋಗಿರಲಿಲ್ಲ. ಮನೆ ಅಂದರೆ ಹೀಗೇ ಇರುತ್ತೆ ಅಂದುಕೊಂಡಿದ್ದೆ. ಈಗ ಐವತ್ತು ದಾಟಿ, ಗೌರಿಬಿದನೂರಿನಲ್ಲಿ ನಾನೇ ಕಟ್ಟಿಸಿದ ಮನೆಯಲ್ಲಿ ಕೂತು ಬರೆಯುವಾಗ, ಆ ಮನೆಯ ಯಾವ ಗೋಡೆ ಕಣ್ಣಮುಂದೆ ಬಂದರೂ ಹಲ್ಲು ಕಚ್ಚಿಕೊಳ್ಳುತ್ತೇನೆ. ವಯಸ್ಸಾದ ಮೇಲೆ ಸಿಟ್ಟು ಆರುತ್ತೆ ಅಂತಾರೆ. ನನ್ನದು ಆರಿಲ್ಲ. ಆರಲಿ ಅಂತ ನಾನು ಬಯಸಿದ್ದೂ ಇಲ್ಲ.

ನಮ್ಮ ಬೀದಿಯಲ್ಲಿ ಮುಕ್ಕಾಲು ಪಾಲು ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಮನೆಗಳು. ಬೆಳಕು ಹರಿಯುತ್ತಿದ್ದ ಹಾಗೇ ಗೂಡು ಬೇಯಿಸುವ ಹಬೆ ಏಳುತ್ತಿತ್ತು, ಅದರ ಹಿಂದೆಯೇ ಬೆಂದ ಹುಳುವಿನ ವಾಸನೆ. ಊರಿಗೆ ಹೊಸಬರು ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರು. ನಮಗೆ ಆ ವಾಸನೆ ಬಾರದ ದಿನವೇ ಏನೋ ಕೆಟ್ಟದ್ದು ನಡೆದಿದೆ ಅನ್ನಿಸುತ್ತಿತ್ತು. ಪಕ್ಕದ ಮನೆಯ ಮುಮ್ತಾಜ್ ಆಂಟಿ ಗಂಡ ತೀರಿಹೋದಮೇಲೆ ತಾನೇ ಒಲೆ, ಬಾಣಲೆ, ರಾಟೆ ಎಲ್ಲ ನೋಡಿಕೊಳ್ಳುತ್ತಿದ್ದವಳು. ಕೆಲಸದವರ ಮೇಲೆ ಕೂಗಾಡಲು ಉರ್ದು, ನಮ್ಮ ಜೊತೆ ಹರಟಲು ಕನ್ನಡ, ನಮ್ಮಜ್ಜಿಯ ಜೊತೆ ಜಗಳಕ್ಕೆ ತೆಲುಗು. ಅಮ್ಮ ಅವಳಿಗೆ ತಕ್ಕ ಜೋಡಿ. ಅಮ್ಮನದು ಗಂಟೆಯಂಥ ಗಂಟಲು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಆಕೆ 'ಸುಜೀ' ಅಂತ ಕೂಗಿದರೆ ಬೀದಿ ಕೊನೆಯ ನಲ್ಲಿ ಹತ್ತಿರ ಕುಂಟೆಬಿಲ್ಲೆ ಆಡುತ್ತಿದ್ದ ನಾನು ಹಾರಿ ಬೀಳುತ್ತಿದ್ದೆ. ಗೋಡೆಯ ಆಚೆ ಮುಮ್ತಾಜ್ ಆಂಟಿ, ಈಚೆ ಅಮ್ಮ. ಇಬ್ಬರೂ ಮುಖ ನೋಡದೇ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಅಪ್ಪ ಜೂನಿಯರ್ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಊರಾಚೆ ಇದ್ದ ಹಿಪ್ಪುನೇರಳೆ ತೋಟವನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟಿದ್ದ. ಅಲ್ಲಿಂದ ಬರುತ್ತಿದ್ದ ಗೂಡಿನ ಬುಟ್ಟಿಗಳಲ್ಲಿ ಒಂದು ಮಾತ್ರ ಅಪ್ಪನ ಕೋಣೆಗೆ ಹೋಗಬೇಕು. ಗೂಡಿನ ದಪ್ಪ ನೋಡಿಯೇ ಅದರಲ್ಲಿ ಎಷ್ಟು ಉದ್ದದ ನೂಲು ಇದೆ ಅಂತ ಹೇಳಬಹುದು ಅನ್ನುವುದು ಅವನ ನಂಬಿಕೆ. ಅದನ್ನು ತೋರಿಸಿ ಒಂದು ಲೇಖನ ಬರೆದರೆ ಬೆಂಗಳೂರಿನ ದೊಡ್ಡ ವಿಜ್ಞಾನಿಗಳು ಶಿಡ್ಲಘಟ್ಟದ ಕಡೆ ತಿರುಗಿ ನೋಡುತ್ತಾರೆ ಅನ್ನುವುದು ಅವನ ಕನಸು. ಅದಕ್ಕಾಗಿ ಒಂದು ಒಳ್ಳೆಯ ವರ್ನಿಯರ್ ಕ್ಯಾಲಿಪರ್ ತರಿಸಿಕೊಂಡಿದ್ದ. ಅದು ನೀಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿರುತ್ತಿತ್ತು. ಅಮ್ಮ ಆ ಕೋಣೆ ಗುಡಿಸಬಹುದು, ಆ ಪೆಟ್ಟಿಗೆ ಮುಟ್ಟಬಾರದು.

ಕ್ಯಾಲಿಪರ್‌ನ ದವಡೆ ತಾಗಿದರೆ ಗೂಡು ತಗ್ಗುತ್ತೆ. ಒತ್ತಿದಷ್ಟೂ ಅಳತೆ ಕಮ್ಮಿ ಬರುತ್ತೆ. ಅದಕ್ಕೆ ಅಪ್ಪ ತೇಗದ ತುಂಡುಗಳಿಂದ ತಾನೇ ಒಂದು ಜಿಗ್, ಅಂದರೆ ವಸ್ತುವನ್ನು ಅಲ್ಲಾಡದ ಹಾಗೆ ಹಿಡಿದಿಡುವ ಚೌಕಟ್ಟು, ಮಾಡಿದ್ದ. ಕೆಳಗೊಂದು ಹಲಗೆ, ಅದರ ಮೇಲೆ ಎರಡು ಮರದ ದಿಮ್ಮಿ. ಒಂದು ಅಲ್ಲಾಡದ್ದು, ಇನ್ನೊಂದು ಕೊರೆದ ಕಾಲುವೆಯಲ್ಲಿ ಜಾರುವುದು. ನಡುವೆ ಗೂಡು. ಗೂಡಿಗೂ ದಿಮ್ಮಿಗೂ ಮಧ್ಯೆ ತೆಳು ಕಾಗದದ ಪಟ್ಟಿ ಇಟ್ಟು ಮೆಲ್ಲಗೆ ಎಳೆಯಬೇಕು. ಸಲೀಸಾಗಿ ಬಂದರೆ ಇನ್ನೂ ತಾಗಿಲ್ಲ, ಹರಿದರೆ ಹೆಚ್ಚು ಒತ್ತಿದೆ, ತೊಡರಿಕೊಂಡು ಬಂದರೆ ಸರಿ. ಆಮೇಲೆ ದಿಮ್ಮಿಗಳ ಮೇಲೆ ಹೊಡೆದ ಎರಡು ಹಿತ್ತಾಳೆ ಮೊಳೆಗಳ ನಡುವಿನ ದೂರವನ್ನು ಕ್ಯಾಲಿಪರ್‌ನಲ್ಲಿ ಹಿಡಿಯುವುದು. ಕಾಗದ ಎಳೆಯುವ ಕೆಲಸ ನನ್ನದು. ನನ್ನ ಬೆರಳು ಸಣ್ಣ, ನಡುಗುವುದಿಲ್ಲ ಅಂತ ಅಪ್ಪನೇ ನನ್ನನ್ನು ಆರಿಸಿಕೊಂಡಿದ್ದ.

"ಮೆತ್ತಗಿರೋ ವಸ್ತುನ ನೇರವಾಗಿ ಅಳೀಬಾರದು ಕಣಮ್ಮ," ಅನ್ನುತ್ತಿದ್ದ. "ಅದನ್ನ ಹಿಡ್ಕೊಂಡಿರೋ ಗಟ್ಟಿ ವಸ್ತುನ ಅಳೀಬೇಕು. ಒಂದೇ ಜಾಗ, ಒಂದೇ ಒತ್ತಡ. ಇಲ್ದಿದ್ರೆ ಅದು ಅಳತೆ ಅಲ್ಲ, ಊಹೆ."

ಎಷ್ಟೇ ಸಿಟ್ಟಿದ್ದರೂ ಇದನ್ನು ಮುಚ್ಚಿಡಬಾರದು: ಆ ಕೋಣೆಯಲ್ಲಿ ನಾನು ಖುಷಿಯಾಗಿದ್ದೆ. ಅಪ್ಪ ನನಗೆ ವರ್ನಿಯರ್‌ನ ಗೀಟುಗಳನ್ನು ಓದಲು ಕಲಿಸಿದಾಗ, ಮೇಲಿನ ಗೀಟೂ ಕೆಳಗಿನ ಗೀಟೂ ಒಂದೇ ನೇರಕ್ಕೆ ಕೂತದ್ದು ಕಂಡಾಗ, ಮೈ ಜುಮ್ಮೆಂದಿತ್ತು. ನಮ್ಮ ಓರಗೆಯ ಹುಡುಗಿಯರಿಗೆ ಯಾವ ಅಪ್ಪನೂ ಇದನ್ನು ಕಲಿಸಿರಲಿಲ್ಲ.

ಅಮ್ಮನ ಕತ್ತಿನ ಗಂಟನ್ನು ನಾನು ಮೊದಲು ನೋಡಿದ್ದು ಅವಳು ನೀರು ಕುಡಿಯುವಾಗ. ನಮ್ಮ ಮನೆಯಲ್ಲಿ ಚೊಂಬನ್ನು ಕಚ್ಚಿ ಕುಡಿಯುವಂತಿಲ್ಲ, ತಲೆ ಹಿಂದಕ್ಕೆ ಬಾಗಿಸಿ ಎತ್ತಿ ಸುರಿದುಕೊಳ್ಳಬೇಕು. ಹಾಗೆ ಕುಡಿಯುವಾಗ ಅವಳ ಕತ್ತಿನಲ್ಲಿ, ಮಾಂಗಲ್ಯದ ಸರದ ಪಕ್ಕದಲ್ಲಿ, ನೆಲ್ಲಿಕಾಯಿಯಂಥದ್ದೇನೋ ಗುಟುಕಿಗೊಮ್ಮೆ ಮೇಲೆ ಹೋಗಿ ಕೆಳಗೆ ಬಂತು. ನಾನು ಮುಟ್ಟಿ ನೋಡಿದೆ. ಅಮ್ಮ ಕೈ ತಳ್ಳಿ ಸೆರಗು ಎಳೆದುಕೊಂಡಳು. ಅಜ್ಜಿಗೆ ಹೇಳಿದೆ. ಅಜ್ಜಿ ಮಂಚದಿಂದ ಏಳಲೂ ಇಲ್ಲ.

"ಏಮೀ ಕಾದುಲೇ, ಏನೂ ಆಗಲ್ಲ. ನಮ್ಮತ್ತೆಗೂ ಇತ್ತು. ಕತ್ತು ತುಂಬ್ಕೊಂಡ್ರೆ ಮನೆ ತುಂಬ್ಕೊಳ್ಳುತ್ತೆ."

ಅಪ್ಪನಿಗೆ ಹೇಳಿದೆ. ಅಪ್ಪ ಕೋಣೆಯ ಬಾಗಿಲಲ್ಲಿ ನಿಂತು, ಅಲ್ಲಿಂದಲೇ, ಒಲೆ ಊದುತ್ತಿದ್ದ ಅಮ್ಮನ ಬೆನ್ನಿನ ಕಡೆ ನೋಡಿದ. ಕತ್ತನ್ನಲ್ಲ, ಬೆನ್ನನ್ನು.

"ಮದುವೆ ಟೈಮಲ್ಲೂ ಅಷ್ಟೇ ಇತ್ತು. ಹಾಗೇ ಇದೆ," ಅಂದ.

ಗೂಡಿನ ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಮೂರು ಸಲ ಅಳೆಸುತ್ತಿದ್ದವನು ಹೆಂಡತಿಯ ಕತ್ತನ್ನು ಹತ್ತು ಅಡಿ ದೂರದಿಂದ, ಅದೂ ಹಿಂದಿನಿಂದ, ನೋಡಿ ಮುಗಿಸಿದ.

ಅದೇ ಬೇಸಿಗೆಯಲ್ಲಿ ಅಮ್ಮನಿಗೆ ಮುದ್ದೆ ಇಳಿಯುವುದು ಕಷ್ಟವಾಯಿತು. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗುವುದು. ಅಮ್ಮ ತುತ್ತನ್ನು ಚಿಕ್ಕದು ಮಾಡಿದಳು, ಇನ್ನೂ ಚಿಕ್ಕದು ಮಾಡಿದಳು, ಕೊನೆಗೆ ರಾಗಿ ಗಂಜಿ ಕಾಯಿಸಿಕೊಂಡು ಕುಡಿಯತೊಡಗಿದಳು. ಅಜ್ಜಿಗೆ ಅದು ಸಿಕ್ಕಿದ್ದೇ ಸಾಕಾಯಿತು. ದಿನಾ ಎಲೆ ಮುಂದೆ ಕೂತು ಶುರುಮಾಡುತ್ತಿದ್ದಳು.

"ಜಮೀನ್ದಾರ್ರ ಮನೆ ಮಗಳು ನೋಡು. ಮುದ್ದೆ ಗಂಟಲಲ್ಲಿ ಇಳಿಯಲ್ವಂತೆ. ನಾಳೆಯಿಂದ ಬಾದಾಮಿ ಹಾಲು ಕಾಯ್ಸಣ ಬಿಡು."

ಒಂದು ಮಧ್ಯಾಹ್ನ ಈ ಮಾತಿಗೆ ರೋಸಿ ಅಮ್ಮ ದೊಡ್ಡ ತುತ್ತು ಮುರಿದು ಬಾಯಿಗೆ ಹಾಕಿಕೊಂಡಳು. ಅದು ನಿಂತುಬಿಟ್ಟಿತು. ಮುಖ ಕಪ್ಪಿಟ್ಟಿತು, ಕಣ್ಣು ಹೊರಬಂದವು. ನಾನು ಬೆನ್ನು ಗುದ್ದಿದೆ, ಅಜ್ಜಿ ದೇವರನ್ನು ಕೂಗಿದಳು. ತುತ್ತು ಹೊರಗೆ ಬಿದ್ದಮೇಲೆ ಅಮ್ಮ ಗೋಡೆಗೊರಗಿ ಕೂತು ಅಳುತ್ತಿದ್ದಳು. ಅಪ್ಪ ತನ್ನ ತಟ್ಟೆಯಿಂದ ತಲೆ ಎತ್ತಿ, "ನೀರು ಕುಡಿ, ಅವಸರ ಮಾಡಬೇಡ," ಅಂದು ಮತ್ತೆ ಸಾರು ಸುರಿದುಕೊಂಡ. ಆ ಸಾರಿನ ಸೌಟಿನ ಸದ್ದು ನನಗೆ ಈಗಲೂ ಕೇಳುತ್ತೆ.

ಅವತ್ತು ಸಂಜೆಯೇ ಗೂಡಿನ ಕೆಲಸ ಮುಗಿದಮೇಲೆ ಕ್ಯಾಲಿಪರ್ ಹಿಡಿದು ನೇರ ಅಡುಗೆಮನೆಗೆ ಹೋದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಬೇಡ ಬೇಡ ಅನ್ನುತ್ತಿದ್ದರೂ ಗಂಟಿನ ಎರಡೂ ಬದಿಗೆ ದವಡೆ ತಾಗಿಸಿ ಅಳೆದೆ. ಕೆಲವು ವಾರ ಬಿಟ್ಟು ಮತ್ತೆ ಅಳೆದೆ. ಹೆಚ್ಚಾಗಿತ್ತು. ಓಡಿಹೋಗಿ ಅಪ್ಪನಿಗೆ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಕ್ಕ.

"ಏನು ಹೇಳ್ಕೊಟ್ಟಿದೀನಿ ನಿಂಗೆ? ಕತ್ತು ಮೆತ್ತಗಿರುತ್ತೋ, ಗಟ್ಟಿಗಿರುತ್ತೋ?"

"ಮೆತ್ತಗೆ."

"ಅವತ್ತು ಎಷ್ಟು ಒತ್ತಿದ್ದೆ, ಇವತ್ತು ಎಷ್ಟು ಒತ್ತಿದೆ? ಅವತ್ತು ತಲೆ ಬಗ್ಸಿದ್ಲೋ, ಎತ್ತಿದ್ಲೋ? ಗೊತ್ತಿಲ್ಲ ಅಲ್ವಾ? ಹಂಗಾದ್ರೆ ಇದು ಅಳತೆ ಅಲ್ಲಮ್ಮ. ಊಹೆ."

ನನ್ನ ಜೀವನದಲ್ಲಿ ಅಷ್ಟು ಸಿಟ್ಟು ಅದೇ ಮೊದಲು ಬಂದದ್ದು. ಅವನು ಹೇಳಿದ್ದು ಸರಿ ಅನ್ನುವುದೇ ಆ ಸಿಟ್ಟಿಗೆ ಕಾರಣ. ಸರಿಯಾದ ಮಾತನ್ನು ಗೋಡೆ ಥರ ಎಬ್ಬಿಸಿ ಅದರ ಹಿಂದೆ ಒಬ್ಬ ಮನುಷ್ಯ ಹಾಯಾಗಿ ಕೂರಬಹುದು ಅಂತ ನನಗೆ ಆಗ ಗೊತ್ತಾಯಿತು. ಆಯ್ತು, ಅಳತೆಯೇ ಬೇಕಲ್ಲವಾ ನಿನಗೆ, ಕೊಡ್ತೀನಿ ಅಂದುಕೊಂಡೆ.

ದಸರಾ ರಜದಲ್ಲಿ ಅಮ್ಮನ ಕತ್ತಿಗೆ ಜಿಗ್ ಮಾಡಲು ಕೂತೆ. ಸ್ಕೂಲಿನ ಎಕ್ಸಿಬಿಷನ್‌ಗೆ ಅಂದುಕೊಂಡು ಅಪ್ಪ ಗರಗಸ, ಉಳಿ ಎಲ್ಲ ಕೊಟ್ಟ. ಮೂಲೆಗೆ ಬಿದ್ದಿದ್ದ ಮಣೆಯೊಂದರ ಹಲಗೆ ಕಿತ್ತೆ. ಮುಮ್ತಾಜ್ ಆಂಟಿ ಮುರಿದ ರಾಟೆಯ ಪಟ್ಟಿಗಳನ್ನು ಗೋಡೆ ಮೇಲಿಂದ ದಾಟಿಸಿದಳು. ತೋಟದಿಂದ ಬಂದ ಹಳೆ ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಯಿಂದ, ಒಣಗಿದ ಗಟ್ಟಿ ಸೀಳುಗಳನ್ನು ಆರಿಸಿಕೊಂಡೆ.

ಗೋಡೆಗೆ ಬೆನ್ನು ಕೊಟ್ಟು ಕೂತರೆ ತಲೆಯ ಹಿಂಭಾಗಕ್ಕೆ ತಾಗುವಂತೆ ಮಣೆಯ ಹಲಗೆ. ಅದರಿಂದ ಮುಂದಕ್ಕೆ ಚಾಚಿದ ಎರಡು ತೋಳು, ತೋಳುಗಳ ಮೇಲೆ ಗದ್ದ ಊರಲು ಒಂದು ಪಟ್ಟಿ. ತಲೆ ಹಲಗೆಗೆ ತಾಗಿ ಗದ್ದ ಪಟ್ಟಿಯ ಮೇಲೆ ಕೂತರೆ ಕತ್ತು ಪ್ರತಿ ಸಲವೂ ಒಂದೇ ಎತ್ತರದಲ್ಲಿ ನಿಲ್ಲುತ್ತೆ. ಗದ್ದದ ಕೆಳಗೆ ಅಡ್ಡಕ್ಕೆ ಇನ್ನೊಂದು ಪಟ್ಟಿ. ಅದರಲ್ಲಿ ಕೊರೆದ ಕಾಲುವೆಯಲ್ಲಿ ಎರಡು ಬಿದಿರಿನ ಬೆರಳು ಎಡಕ್ಕೂ ಬಲಕ್ಕೂ ಜಾರುತ್ತವೆ. ಗಂಟಿನ ಆ ಕಡೆ ಒಂದು, ಈ ಕಡೆ ಒಂದು. ಒಂದೊಂದರ ತಲೆಯ ಮೇಲೂ ಹಿತ್ತಾಳೆ ಮೊಳೆ. ಕ್ಯಾಲಿಪರ್ ಹಿಡಿಯುವುದು ಮೊಳೆಗಳಿಗೆ, ಚರ್ಮಕ್ಕಲ್ಲ.

ಮೊದಲನೆಯದು ಕೆಟ್ಟಿತು. ಗದ್ದದ ಭಾರಕ್ಕೆ ತೋಳುಗಳು ಬಾಗಿದವು. ಎರಡನೆಯದರಲ್ಲಿ ಬೆರಳುಗಳು ಕಾಲುವೆಯಲ್ಲಿ ಲೊಡಲೊಡ ಅಲ್ಲಾಡಿದವು. ಮೇಣ ತುಂಬಿ ಸರಿಮಾಡಿದೆ. ಆಮೇಲೆ ಕಾಗದ ಕೈಕೊಟ್ಟಿತು. ಅಮ್ಮನ ಕತ್ತಿನ ಬೆವರಿಗೆ ಅದು ನೆನೆದು ಅಂಟಿಕೊಳ್ಳುತ್ತಿತ್ತು. ಮುಮ್ತಾಜ್ ಆಂಟಿ ಗೋಡೆಯಾಚೆಯಿಂದ ಇಣುಕಿ ನೋಡಿ, ಬಾಣಲೆಯಿಂದ ಒಂದೇ ಒಂದು ರೇಷ್ಮೆ ಎಳೆ ಎತ್ತಿ ಒಣಗಿಸಿ ಕೊಟ್ಟಳು. "ಇದನ್ನ ಎಳೆದು ನೋಡು ಬೇಟಾ. ಬೆವರಿಗೆ ಜಗ್ಗಲ್ಲ," ಅಂದಳು. ಚರ್ಮಕ್ಕೂ ಬಿದಿರಿಗೂ ನಡುವೆ ಆ ಎಳೆ ಇಟ್ಟು ಎಳೆದರೆ, ಬೆರಳ ತುದಿಗೆ ತೊಡರುವುದು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು.

ಅಜ್ಜಿ ಮಧ್ಯಾಹ್ನ ಮಲಗಿದ ಹೊತ್ತಿಗೆ ಹಿತ್ತಲ ಒರಳುಕಲ್ಲಿನ ಪಕ್ಕದ ಗೋಡೆಗೆ ಜಿಗ್ ನಿಲ್ಲಿಸಿ ಅಮ್ಮನನ್ನು ಕೂರಿಸುತ್ತಿದ್ದೆ. ಮೊದಲ ದಿನ ಅವಳಿಗೆ ನಗು ತಡೆಯಲಾಗಲಿಲ್ಲ.

"ಏನೇ ಇದು, ಫೋಟೋ ಸ್ಟುಡಿಯೋದಲ್ಲಿ ಕೂರ್ಸಿದಂಗೆ? ನಗ್ಬೇಕಾ, ಬೇಡ್ವಾ?"

"ನಗಬೇಡ. ಉಗುಳು ನುಂಗಬೇಡ. ಅಲ್ಲಾಡಬೇಡ."

"ನಿಮ್ಮಪ್ಪನ ಮಗಳೇ ಕಣೇ ನೀನು," ಅಂದು ಕಣ್ಣು ಮುಚ್ಚಿದಳು.

ಆಮೇಲೆ ಅವಳು ನಗಲಿಲ್ಲ. ನಾನು ಎಳೆ ಇಟ್ಟು, ಎಳೆದು, ಬೆರಳು ಸರಿಸಿ, ಮತ್ತೆ ಎಳೆಯುವಷ್ಟು ಹೊತ್ತೂ ಅವಳು ಸುಮ್ಮನೆ ಕೂತಿರುತ್ತಿದ್ದಳು. ಅವಳ ಕತ್ತನ್ನು, ಕಿವಿಯ ಹಿಂದಿನ ಮಚ್ಚೆಯನ್ನು, ಸರ ಉಜ್ಜಿ ಕಪ್ಪಾದ ಗೆರೆಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ಆ ಮನೆಗೆ ಬಂದಮೇಲೆ ಅವಳನ್ನು ಯಾರಾದರೂ ಕೂರಿಸಿ, ಬೇರೇನೂ ಕೆಲಸ ಹೇಳದೆ, ಅವಳನ್ನೇ ನೋಡಿದ್ದರೆ ಅದು ಆ ಹಿತ್ತಲಲ್ಲಿ ಮಾತ್ರ. ಒಂದು ಸಲ ಅವಳ ಮುಚ್ಚಿದ ಕಣ್ಣಿಂದ ನೀರು ಇಳಿದು ಗದ್ದದ ಪಟ್ಟಿ ನೆನೆಯಿತು. ನೋವಾಯ್ತಾ ಅಂತ ಕೇಳಿದೆ. ಇಲ್ಲ ಅಂತ ತಲೆಯಾಡಿಸಲು ಹೋಗಿ, ಅಲ್ಲಾಡಬಾರದು ಅನ್ನುವುದು ನೆನಪಾಗಿ, ಹಾಗೇ ತಡೆದಳು.

ಪ್ರತಿ ಅಮಾವಾಸ್ಯೆಗೆ ಅಳೆದೆ. ಅಳೆದಾಗಲೆಲ್ಲ ಮೊಳೆ ನಿಂತ ಜಾಗದಲ್ಲಿ ಅಡ್ಡಪಟ್ಟಿಯ ಮೇಲೆ ಕ್ಯಾಲಿಪರ್‌ನ ಚೂಪು ತುದಿಯಿಂದ ಸಣ್ಣ ಗೀಟು ಎಳೆಯುತ್ತಿದ್ದೆ. ಆಮೇಲೆ ಅಮ್ಮನನ್ನು ಎಬ್ಬಿಸಿ, ಒಂದು ಸುತ್ತು ತಿರುಗಾಡಿಸಿ, ಮತ್ತೆ ಕೂರಿಸಿ ಮೊದಲಿಂದ ಅಳೆಯುತ್ತಿದ್ದೆ. ಅದೇ ದಿನದ ಎರಡನೇ ಗೀಟು ಮೊದಲನೆಯದರ ಮೇಲೇ ಬೀಳುತ್ತಿತ್ತು. ಮುಂದಿನ ಅಮಾವಾಸ್ಯೆಯ ಗೀಟು ಮಾತ್ರ ಅದರ ಹೊರಗೆ. ಅದರ ಮುಂದಿನದು ಇನ್ನೂ ಹೊರಗೆ. ಶಿವರಾತ್ರಿಯ ಹೊತ್ತಿಗೆ ಪಟ್ಟಿಯ ಎರಡೂ ಕಡೆ ಗೀಟುಗಳು ಮೆಟ್ಟಿಲಿನ ಹಾಗೆ ಸಾಲಾಗಿ ನಿಂತಿದ್ದವು. ಅಕ್ಷರ ಬಾರದವರಿಗೂ ಅರ್ಥವಾಗಬೇಕು.

ಒಂದು ಭಾನುವಾರ ಅಪ್ಪ ಎಣ್ಣೆಸ್ನಾನ ಮಾಡಿ ಪೇಪರ್ ಹಿಡಿದು ಕೂತಿದ್ದಾಗ ಜಿಗ್ ಎತ್ತಿಕೊಂಡು ಬಂದು ಅವನ ಮುಂದಿಟ್ಟೆ. ಯಾವುದು ಏನು ಅಂತ ಒಂದೊಂದಾಗಿ ಹೇಳಿದೆ. ಅಮ್ಮನನ್ನು ಕೂರಿಸಿ ಅವನ ಎದುರಿಗೇ ಅಳೆದೆ. ಅಮ್ಮನನ್ನು ಎಬ್ಬಿಸಿ, ಮತ್ತೆ ಕೂರಿಸಿ, ಈ ಸಲ ಅವನ ಕೈಯಲ್ಲೇ ಅಳೆಸಿದೆ. ಗೀಟಿನ ಮೇಲೆ ಗೀಟು ಬಿತ್ತು. ಅಪ್ಪನ ಮುಖ ಅರಳಿತು. ಅಷ್ಟು ಅರಳಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಯಾರೇ ಹೇಳ್ಕೊಟ್ರು ನಿಂಗೆ? ಈ ಗದ್ದದ ಪಟ್ಟಿ, ಈ ರೇಷ್ಮೆ ಎಳೆ? ಎಂಥ ಉಪಾಯ ಮಾಡಿದೀಯೇ! ನಮ್ಮ ಕಾಲೇಜ್ ಹುಡುಗರಿಗೂ ಹೊಳೆಯಲ್ಲ ಕಣೇ ಇದು!"

"ಅಪ್ಪ, ಗೀಟು ನೋಡಿದ್ಯಾ?"

"ನೋಡ್ದೆ ನೋಡ್ದೆ. ಎಷ್ಟು ಕ್ಲಿಯರ್ ಆಗಿದೆ! ಈ ಎಳೆ ಉಪಾಯನ ಗೂಡಿಗೂ ಹಾಕಬಹುದು. ಕಾಗದಕ್ಕಿಂತ ಎಷ್ಟೋ ವಾಸಿ."

"ಹಂಗಾದ್ರೆ ಅಮ್ಮನ್ನ ಡಾಕ್ಟರ್ ಹತ್ರ…"

"ಕರ್ಕೊಂಡು ಹೋಗಣ. ಪರೀಕ್ಷೆ ಎಲ್ಲ ಮುಗೀಲಿ, ನೋಡಣ."

ಅಮ್ಮ ಇನ್ನೂ ಗದ್ದವನ್ನು ಪಟ್ಟಿಯ ಮೇಲೆ ಇಟ್ಟುಕೊಂಡೇ ಕೂತಿದ್ದಳು. ಏಳು ಅಂತ ಯಾರೂ ಹೇಳಿರಲಿಲ್ಲ.

ಎರಡು ದಿನ ಬಿಟ್ಟು ಸ್ಕೂಲಿಂದ ಬಂದಾಗ ಅಪ್ಪನ ಕೋಣೆಯಿಂದ ಸರ್‌ಸರ್ ಅನ್ನುವ ಸದ್ದು ಬರುತ್ತಿತ್ತು. ಜಿಗ್ ಬಿಚ್ಚಿ ನೆಲದ ಮೇಲೆ ಹರಡಿತ್ತು. ಅಪ್ಪ ಅಡ್ಡಪಟ್ಟಿಯನ್ನು ಮೇಜಿಗೆ ಒತ್ತಿ ಹಿಡಿದು, ಮರ ಹೆರೆಯುವ ರಂದ ಹೊಡೆಯುತ್ತಿದ್ದ. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಅವನ ಪಾದದ ಮೇಲೆ ಬೀಳುತ್ತಿತ್ತು. ಪಟ್ಟಿ ನುಣ್ಣಗೆ, ಬೆಳ್ಳಗೆ, ಹೊಸದಾಗಿ ಹೊಳೆಯುತ್ತಿತ್ತು. ಒಂದು ಗೀಟೂ ಇರಲಿಲ್ಲ.

"ಬಾ ಬಾ," ಅಂದ. "ಗೂಡಿಗೆ ಹೊಂದಿಸ್ತಾ ಇದೀನಿ. ಹಳೆ ಗೀಟೆಲ್ಲ ಇದ್ರೆ ಕನ್‌ಫ್ಯೂಸ್ ಆಗುತ್ತೆ ಅಂತ…"

ಮುಂದೆ ಅವನು ಏನಂದನೋ ಕೇಳಲಿಲ್ಲ. ನಾನು ಕಿರುಚುತ್ತಿದ್ದೆ. ಪದಗಳಿರಲಿಲ್ಲ, ಬರೀ ಕಿರುಚಾಟ. ಗೂಡಿನ ಬುಟ್ಟಿಯನ್ನು ಒದ್ದೆ. ಗೂಡುಗಳು ಕೋಣೆ ತುಂಬಾ ಉರುಳಿದವು. ನನ್ನ ಕಾಲ ಕೆಳಗೆ ಕೆಲವು ಪುಚಕ್ಕನೆ ಒಡೆದವು. ಅಪ್ಪ ನನ್ನ ರಟ್ಟೆ ಹಿಡಿದು ಅಲ್ಲಾಡಿಸಿ, "ಹುಚ್ಚು ಹಿಡಿದಿದ್ಯಾ?" ಅಂದ. ಅಜ್ಜಿ ಮಂಚದಿಂದಲೇ, "ಎರಡು ಬಿಡೋ. ಹೆಣ್ಣು ಹುಡುಗೀನ ತಲೆ ಮೇಲೆ ಕೂರ್ಸ್ಕೊಂಡ್ರೆ ಹಿಂಗೇ," ಅಂದಳು. ಅಮ್ಮ ಒದ್ದೆ ಕೈಯಲ್ಲೇ ಓಡಿ ಬಂದಳು. ಬಾಗಿಲಲ್ಲಿ ನಿಂತು ಬಿಚ್ಚಿದ ಜಿಗ್ ನೋಡಿದಳು, ರಂದ ನೋಡಿದಳು, ಬಿಳಿಯ ಪಟ್ಟಿ ನೋಡಿದಳು. ಬಗ್ಗಿ ಒಂದು ಸಿಪ್ಪೆಯ ಸುರುಳಿಯನ್ನು ಎತ್ತಿಕೊಂಡು ಬಿಡಿಸಿದಳು. ಅದರಲ್ಲಿ ಗೀಟಿನ ಗುರುತು ಕಂಡಿರಬೇಕು. ಅಪ್ಪನ ಕೈಯನ್ನು ನನ್ನ ರಟ್ಟೆಯಿಂದ ಬಿಡಿಸಿದಳು. ಜೋರಾಗಿ ಏನೂ ಮಾಡಲಿಲ್ಲ, ಒಂದೊಂದೇ ಬೆರಳು ಬಿಡಿಸಿದಳು.

"ಸುಜಿ, ನಾಳೆ ನೀನು ಸ್ಕೂಲಿಗೆ ಹೋಗಬೇಡ. ಚಿಕ್ಕಬಳ್ಳಾಪುರಕ್ಕೆ ಹೋಗಣ, ಡಾಕ್ಟರ್ ಹತ್ರ."

"ನಾನು ಬಿಡುವು ಮಾಡ್ಕೊಂಡು…" ಅಂತ ಅಪ್ಪ ಶುರುಮಾಡಿದ.

"ನಿಮ್ಮನ್ನ ಕರೀಲಿಲ್ಲ," ಅಂದಳು ಅಮ್ಮ.

ಮರುದಿನ ಮುಮ್ತಾಜ್ ಆಂಟಿ ಒಲೆ ಆರಿಸಿ, ಬುರ್ಖಾ ಹಾಕಿಕೊಂಡು ನಮ್ಮ ಜೊತೆ ಬಸ್ ಹತ್ತಿದಳು. ಚಿಕ್ಕಬಳ್ಳಾಪುರದ ಲೇಡಿ ಡಾಕ್ಟರ್ ಅಮ್ಮನ ಹಿಂದೆ ನಿಂತು ಕತ್ತಿಗೆ ಬೆರಳಿಟ್ಟು, "ನುಂಗಿ" ಅಂದರು. ಅಮ್ಮ ನುಂಗಿದಳು. ಅಷ್ಟೇ. ಡಾಕ್ಟರ ಮುಖ ಬದಲಾಯಿತು. ಇದು ಎಷ್ಟು ದಿನದಿಂದ ಇದೆ, ಬೆಳೀತಿದ್ಯಾ ಅಂತ ಕೇಳಿದರು. ದಸರಾದಿಂದ ಎಷ್ಟು ಬೆಳೆದಿದೆ ಅಂತ ನಾನು ಹೇಳಿದೆ. ಗೀಟು ಹೋಗಿತ್ತು, ಆದರೆ ಒಂದೊಂದು ಅಳತೆಯೂ ನನಗೆ ಬಾಯಿಪಾಠವಾಗಿತ್ತು. ಡಾಕ್ಟರ್ ನನ್ನ ಕಡೆ ಒಂದು ಕ್ಷಣ ನೋಡಿ ತಲೆಯಾಡಿಸಿದರು. ಜಿಗ್ ಇಲ್ಲ, ಕ್ಯಾಲಿಪರ್ ಇಲ್ಲ, ಬರೀ ಬೆರಳು. ತಿಳಿದವರಿಗೆ ಮುಟ್ಟಿದರೆ ಸಾಕಿತ್ತು. ನಾನು ತಿಂಗಳುಗಟ್ಟಲೆ ಮರ ಕೊಯ್ದು, ಮೇಣ ತುಂಬಿ, ಎಳೆ ಎಳೆದು ಕಾಲ ಕಳೆದದ್ದು ಒಬ್ಬ ಗಂಡಸನ್ನು ಒಪ್ಪಿಸಲು ಮಾತ್ರ. ಅವನು ಒಪ್ಪಿಕೊಂಡ, ಆಮೇಲೂ ಏಳಲಿಲ್ಲ. ಬಸ್‌ನಲ್ಲಿ ವಾಪಸ್ ಬರುವಾಗ ನಂದಿಯ ಬೆಟ್ಟ ಹಿಂದೆ ಸರಿಯುವವರೆಗೂ ನಾನು ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಕೈಗೆ ತುಕ್ಕು ಮೆತ್ತಿಕೊಂಡಿತ್ತು.

ಆಪರೇಷನ್ ಬೆಂಗಳೂರಿನಲ್ಲಾಯಿತು. ಅಪ್ಪ ಬಂದಿದ್ದ. ಓಡಾಡಿದ, ರಕ್ತ ಕೊಟ್ಟ, ಹಣ್ಣು ತಂದ. ಅಷ್ಟನ್ನೂ ಮಾಡಿದ. ಗಂಟಿನಲ್ಲಿ ಕೆಟ್ಟದ್ದು ಇತ್ತು, ಪೂರ್ತಿ ತೆಗೆದಿದ್ದೇವೆ, ಜೀವಕ್ಕೆ ಭಯವಿಲ್ಲ ಅಂದರು ಸರ್ಜನ್. ಆಮೇಲೆ ಅಪ್ಪನನ್ನು ಪಕ್ಕಕ್ಕೆ ಕರೆದರು. ನಾನೂ ಹಿಂದೆಯೇ ಹೋದೆ.

"ಧ್ವನಿಯ ನರಕ್ಕೆ ಸುತ್ತಿಕೊಂಡಿತ್ತು. ನರ ಕತ್ತರಿಸಲೇಬೇಕಾಯ್ತು. ಸ್ವಲ್ಪ ಮೊದಲೇ ಬಂದಿದ್ರೆ ಉಳಿಸಬಹುದಿತ್ತೇನೋ."

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. ಎಷ್ಟು ಹೊತ್ತು ಒರೆಸಿದನೋ. ನನ್ನ ಕಡೆ ನೋಡಲಿಲ್ಲ.

ಅಮ್ಮ ಮನೆಗೆ ಬಂದಳು. ಮುದ್ದೆ ಸಲೀಸಾಗಿ ಇಳಿಯುತ್ತಿತ್ತು. ಧ್ವನಿ ಮಾತ್ರ ಬರಲಿಲ್ಲ. ಬಂದದ್ದು ಗಾಳಿ, ಗಾಳಿಯೊಳಗೆ ಹುದುಗಿದ ಅಷ್ಟಿಷ್ಟು ಮಾತು. ಹಿತ್ತಲಿಂದ ನನ್ನನ್ನು ಕರೆಯಬೇಕಾದರೆ ಬಕೆಟ್ ಬಡಿಯುತ್ತಿದ್ದಳು. ಗೋಡೆಯಾಚೆಯ ಮುಮ್ತಾಜ್ ಆಂಟಿಗೆ ಅವಳ ಮಾತು ಕೇಳಿಸದೆ, ಆಂಟಿಯೇ ದಿನಾ ಸುತ್ತುಹಾಕಿ ನಮ್ಮ ಹಿತ್ತಲಿಗೆ ಬಂದು ಒರಳುಕಲ್ಲಿನ ಮೇಲೆ ಕೂರುತ್ತಿದ್ದಳು. ಅಜ್ಜಿ ಒಂದು ದಿನ, "ಈಗ ಮನೆ ಎಷ್ಟು ತಣ್ಣಗಿದೆ," ಅಂದಳು. ಆ ಮಾತಿಗೆ ನಾನು ಅವಳನ್ನು ಇವತ್ತಿಗೂ ಕ್ಷಮಿಸಿಲ್ಲ. ಸತ್ತವರನ್ನು ಕ್ಷಮಿಸಬೇಕು ಅಂತ ಹೇಳುವವರು ಬಂದು ಆ ನಡುಮನೆಯಲ್ಲಿ ಒಂದು ದಿನ ಕೂತು ನೋಡಬೇಕಿತ್ತು.

ಅಪ್ಪನ ಕೋಣೆಗೆ ನಾನು ಮತ್ತೆ ಹೋಗಲಿಲ್ಲ. ಅವನು ಕರೆದ, ಆಮೇಲೆ ಕರೆಯುವುದನ್ನು ಬಿಟ್ಟ. ಅವನ ಲೇಖನ ಎಲ್ಲೂ ಬರಲಿಲ್ಲ. ನಾನು ಹಟ ಮಾಡಿ ಡಿಪ್ಲೊಮಾ ಓದಿದೆ, ಗೌರಿಬಿದನೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗಕ್ಕೆ ಸೇರಿದೆ. ದಿನವಿಡೀ ಕ್ಯಾಲಿಪರ್ ಹಿಡಿಯುವ ಕೆಲಸ. ಅವನು ಕಲಿಸಿದ್ದೇ ನನಗೆ ಅನ್ನ ಹಾಕಿತು, ಅದೂ ನನ್ನ ಸಿಟ್ಟಿನ ಒಂದು ಭಾಗವೇ. ಅಲ್ಲಿ ಯಾರಾದರೂ, "ಮೇಡಂ, ಇಷ್ಟಕ್ಕೆಲ್ಲ ಏನೂ ಆಗಲ್ಲ ಬಿಡಿ," ಅಂದರೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಎಷ್ಟೋ ಹುಡುಗರು ನನ್ನನ್ನು ರಾಕ್ಷಸಿ ಅಂದುಕೊಂಡೇ ಕೆಲಸ ಬಿಟ್ಟು ಹೋದರು. ಹೋಗಲಿ.

ಹೋದ ವರ್ಷ ಅಪ್ಪನ ಹಳೆಯ ವಿದ್ಯಾರ್ಥಿಗಳು ಕೆಲವರು ಚಿಂತಾಮಣಿಯಿಂದ ಹಾರ, ಶಾಲು ತೆಗೆದುಕೊಂಡು ಶಿಡ್ಲಘಟ್ಟದ ಮನೆಗೆ ಬಂದಿದ್ದರು. ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಅವತ್ತು ನಾನೂ ಅಲ್ಲಿದ್ದೆ. ಒಬ್ಬ ಫೋನ್ ಹಿಡಿದು ವಿಡಿಯೋ ಮಾಡುತ್ತಾ, "ಸರ್, ನಿಮ್ಮ ಲೈಫಲ್ಲಿ ಸೈನ್ಸ್ ನಿಜವಾಗ್ಲೂ ಉಪಯೋಗಕ್ಕೆ ಬಂದ ಒಂದು ಘಟನೆ ಹೇಳಿ," ಅಂದ. ಅಪ್ಪ ಗಂಟಲು ಸರಿಮಾಡಿಕೊಂಡು ಹೇಳತೊಡಗಿದ. ಹೆಂಡತಿಯ ಕತ್ತಿನಲ್ಲಿ ಗಂಟು ಇದ್ದದ್ದು, ಬರೀ ಕಣ್ಣಿಗೆ ಬೆಳೆದದ್ದು ಕಾಣದೇ ಇದ್ದದ್ದು, ಮನೆಯಲ್ಲೇ ಒಂದು ಜಿಗ್ ಮಾಡಿ ರೇಷ್ಮೆ ಎಳೆ ಇಟ್ಟು ತಿಂಗಳು ತಿಂಗಳೂ ಅಳೆದದ್ದು, ಅದರಿಂದಲೇ ಪತ್ತೆಯಾದದ್ದು, ಜೀವ ಉಳಿದದ್ದು. "ನಾವು ಅಳೆದ್ವಿ," ಅಂತ ಶುರುಮಾಡಿದ್ದು ನಡುವೆ "ನಾನು ಅಳೆದೆ" ಆಯಿತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಮುಖ ನೋಡಿದೆ. ಅವನು ಅದನ್ನು ನಂಬಿದ್ದ. ಯಾವ ವರ್ಷದಿಂದ ನಂಬಿದ್ದನೋ. ಹುಡುಗರು, ಹುಡುಗರೇನು, ಅವರಿಗೂ ತಲೆ ನೆರೆತಿತ್ತು, ಚಪ್ಪಾಳೆ ತಟ್ಟಿದರು. ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅಮ್ಮ ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದಳು. ಎಲ್ಲರಿಗೂ ಲೋಟ ಕೊಟ್ಟಳು. ಅಪ್ಪನ ಲೋಟ ಮಾತ್ರ ತಟ್ಟೆಯಲ್ಲಿ ಉಳಿದಿತ್ತು. ಅಲ್ಲೇ ನಿಂತು ಏನೋ ಅಂದಳು. ಫ್ಯಾನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ವಿಡಿಯೋ ಮಾಡುತ್ತಿದ್ದವನು ಮರ್ಯಾದೆಯಿಂದ, "ಅಮ್ಮಾ, ನಿಮ್ಮ ವಾಯ್ಸ್ ರೆಕಾರ್ಡ್ ಆಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?" ಅಂದ.

ಅಮ್ಮ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟಳು. ಹೋಗಿ ಫ್ಯಾನ್ ಆರಿಸಿದಳು. ಅವನ ಕೈಯಿಂದ ಫೋನ್ ತೆಗೆದುಕೊಂಡು ತುಟಿಗೆ ತಾಗುವಷ್ಟು ಹತ್ತಿರ ಹಿಡಿದಳು.

"ಅಳೆದಿದ್ದು ಇವ್ರಲ್ಲ. ಅವಳು. ಇವ್ರು ಆ ಗೀಟಿನ ಮೇಲೆ ರಂದ ಹೊಡೆದ್ರು."

ಅಪ್ಪ ಶಾಲಿನ ತುದಿ ಸರಿಮಾಡಿಕೊಂಡು, "ನಾನೇ ಅಲ್ವಾ ಅವಳಿಗೆ ಕಲಿಸಿದ್ದು," ಅಂದು ಸುತ್ತ ನೋಡಿದ. ಯಾರಾದರೂ ನಗುತ್ತಾರೇನೋ ಅಂತ ಕಾದ. ಆಮೇಲೆ ಅಮ್ಮನ ಕಡೆ ಕೈ ಚಾಚಿ, "ಕಾಫಿ ಕೊಡು, ಆರೋಗುತ್ತೆ," ಅಂದ.

ಅಮ್ಮ ಫೋನನ್ನು ಅದರ ಯಜಮಾನನಿಗೆ ಕೊಟ್ಟಳು. ಸ್ಟೂಲಿನ ಮೇಲಿದ್ದ ಅಪ್ಪನ ಲೋಟ ಎತ್ತಿಕೊಂಡು, ಅತಿಥಿಗಳ ಸಾಲಿನಲ್ಲಿ ಖಾಲಿ ಇದ್ದ ಕುರ್ಚಿಯಲ್ಲಿ ಕೂತು, ಎಲ್ಲರೂ ನೋಡುತ್ತಿರುವಾಗಲೇ, ನಿಧಾನವಾಗಿ ಅದನ್ನು ಕುಡಿದಳು.